ಬೀದರಿನ ಭಾಯಿ ಸಾಹಿಬ್ ಸಿಂಗ್

ಸಿಖ್ ಎಂಬ ಶಬ್ದಕ್ಕೆ ಶಿಷ್ಯನೆಂದು ಅರ್ಥ. ಪೇಟ, ನೀಳವಾದ ಗಡ್ಡ, ಕೈಯಲ್ಲಿಯ ಉಕ್ಕಿನ ಕಡಗ ಇವುಗಳಿಂದ ನಾವು ಸಿಖ್ಖರನ್ನು ಗುರುತಿಸುತ್ತೇವೆ. ಆದರೆ ಈ ಹೊರಗುರುತುಗಳ ಹಿಂದಿರುವ ಶಿಷ್ಯತ್ವವೆಂದರೇನು? ಇದನ್ನು ಅರಿಯಬೇಕೆಂಬವರು ಬೀದರಿನ ಕ್ಷೌರಿಕನೊಬ್ಬನ ಜೀವನವನ್ನು ನೋಡಬೇಕು.

16ನೆಯ ಶತಮಾನದ ಆದಿಭಾಗದಲ್ಲಿ ಗುರು ನಾನಕರು ದಕ್ಷಿಣದ ಯಾತ್ರೆಯಲ್ಲಿ ಬೀದರಿಗೆ ಬಂದರೆಂದೂ, ನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಬಂಡೆಯಡಿಯಿಂದ ಸಿಹಿನೀರಿನ ಬುಗ್ಗೆಯನ್ನು ಹರಿಯಿಸಿದರೆಂದೂ ಪ್ರತೀತಿಯುಂಟು. ನಾನಕ ಝೀರಾ ಗುರುದ್ವಾರವು ಇಂದಿಗೂ ಅದರ ನೆನಪನ್ನು ಕಾಯ್ದುಕೊಂಡಿದೆ. ಇದೇ ಊರಿನಲ್ಲಿ 17ನೆಯ ಶತಮಾನದ ಉತ್ತರಾರ್ಧದಲ್ಲಿ ಗುರುನಾರಾಯಣ, ಅಂಕಮ್ಮ ಎಂಬ ದಂಪತಿಗಳ ಮಗನಾಗಿ ಸಾಹಿಬ್ ಚಂದನು ಹುಟ್ಟಿದನೆಂದು ಸಿಖ್ ಪರಂಪರೆ ಹೇಳುತ್ತದೆ. ಹದಿಹರೆಯದಲ್ಲಿಯೇ ಆತನು ಮನೆಮಾರು ತೊರೆದು ದೂರದ ಪಂಜಾಬದ ಆನಂದಪುರವನ್ನು ಸೇರಿ, ಗುರು ಗೋವಿಂದ ಸಿಂಹರ ಸೇವೆಯಲ್ಲಿ ನಿಂತನು. ಗುರುಗಳ ತಂದೆ ತೇಗ್ ಬಹಾದುರರು 1675ರಲ್ಲಿ ದಿಲ್ಲಿಯಲ್ಲಿ ಧರ್ಮಕ್ಕಾಗಿ ಶಿರವನ್ನೊಪ್ಪಿಸಿದ್ದರು. ಅಂಥ ಗುರುಮನೆಯಲ್ಲಿ ಭಕ್ತಿ ಮತ್ತು ಶೌರ್ಯ ಒಂದೇ ಉಸಿರಾಗಿದ್ದವು. ಕ್ಷೌರಿಕರ ಹುಡುಗನು ಅಲ್ಲಿ ನುರಿತ ಗುರಿಕಾರನಾದನು.

1699ರ ಬೈಸಾಖಿಯ ದಿನ ಆನಂದಪುರದಲ್ಲಿ ಅಪಾರ ಜನಸ್ತೋಮ ನೆರೆದಿತ್ತು. ಗುರುಗಳು ಬಿಚ್ಚುಗತ್ತಿ ಹಿಡಿದು ಬಂದು, ತಲೆ ಕೊಡಬಲ್ಲ ಶಿಷ್ಯನಾರೆಂದು ಕೇಳಿದರು. ಸಭೆ ದಿಗಿಲುಗೊಂಡಿತು. ಒಬ್ಬನೆದ್ದನು, ಗುರುಗಳು ಅವನನ್ನು ಡೇರೆಯೊಳಗೆ ಕರೆದೊಯ್ದು, ರಕ್ತ ಸುರಿಯುವ ಕತ್ತಿಯೊಡನೆ ಹೊರಬಂದು ಮತ್ತೊಂದು ತಲೆಯನ್ನು ಬೇಡಿದರು. ಹೀಗೆ ಐವರು ಮುಂದೆ ಬಂದರು. ಲಾಹೋರಿನ ಖತ್ರಿ ದಯಾರಾಮ, ಹಸ್ತಿನಾಪುರದ ಜಾಟ ಧರ್ಮದಾಸ, ಪುರಿಯ ನೀರುಹೊರುವ ಹಿಮ್ಮತರಾಯ, ದ್ವಾರಕೆಯ ಬಟ್ಟೆಗೆ ಅಚ್ಚುಹಾಕುವ ಮೊಹಕಮ ಚಂದ, ಬೀದರಿನ ಸಾಹಿಬ್ ಚಂದ ಇವರೇ ಆ ಐವರು. ಕೊನೆಗೆ ಐವರೂ ಹೊಸ ಉಡುಪಿನಲ್ಲಿ ಸಜೀವವಾಗಿ ಹೊರಬಂದಾಗ ಜನರು ಬೆರಗಾದರು. ಗುರುಗಳು ಕಬ್ಬಿಣದ ಪಾತ್ರೆಯಲ್ಲಿ ಸಕ್ಕರೆ ಕೂಡಿದ ನೀರನ್ನು ಇಬ್ಬಾಯಿ ಖಡ್ಗದಿಂದ ಕದಡಿ ಅವರಿಗೆ ಅಮೃತವನ್ನಿತ್ತರು. ಅಂದಿನಿಂದ ಎಲ್ಲರೂ ಸಿಂಹರು, ಪ್ರತ್ಯೇಕ ಜಾತಿಯಿಲ್ಲ. ಬಳಿಕ ಗುರುಗಳೇ ಕೈಮುಗಿದು ಆ ಐವರಿಂದ ಅಮೃತವನ್ನು ಬೇಡಿ ಪಡೆದರು. ಗುರುವು ಶಿಷ್ಯನಾದನು, ಕ್ಷೌರಿಕನು ಗುರುವಿಗೆ ದೀಕ್ಷೆಯಿತ್ತನು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೂದಲನ್ನು ಕತ್ತರಿಸಬಾರದೆಂಬುದು ಖಾಲ್ಸಾದ ನೇಮ. ಉಳಿದವರು ಜಾತಿಯ ಹೆಮ್ಮೆಯನ್ನೋ ಕೀಳರಿಮೆಯನ್ನೋ ಬಿಟ್ಟರು. ಸಾಹಿಬ್ ಸಿಂಗನು ಅದರೊಡನೆ ತಾತಮುತ್ತಾತಂದಿರಿಗೆ ಅನ್ನವಿತ್ತ ಕುಲಕಸುಬಿನ ಕತ್ತಿಯನ್ನೂ ಶಾಶ್ವತವಾಗಿ ಕೆಳಗಿಟ್ಟನು. ತಲೆ ಕೊಡುವುದೆಂದರೆ ನಾನೆಂಬುದನ್ನು ಕೊಡುವುದು ಎಂಬ ತತ್ತ್ವ ಅವನ ಬಾಳಿನಲ್ಲಿ ಹೀಗೆ ಫಲಿಸಿತು.

ಈ ತತ್ತ್ವ ನಮಗೆ ಹೊಸದೇನಲ್ಲ. ನಮ್ಮ ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು 12ನೆಯ ಶತಮಾನದಲ್ಲಿ, ಇಂದು ಬೀದರ ಜಿಲ್ಲೆಯಲ್ಲಿರುವ ಕಲ್ಯಾಣದಲ್ಲಿ, ಕುಲವನ್ನೆಣಿಸದೆ ಶರಣರನ್ನು ಕೂಡಿಸಿದರು. ನಮ್ಮ ಕ್ಷೌರಿಕ ಬಂಧುಗಳು ಕುಲಗುರುವೆಂದು ಪೂಜಿಸುವ ಹಡಪದ ಅಪ್ಪಣ್ಣನವರು ಅವರ ಆಪ್ತರಾಗಿದ್ದರು. ದುಡಿದು ಉಣ್ಣು, ಹಂಚಿ ಉಣ್ಣು, ನಾಮವನ್ನು ನೆನೆ ಎಂಬ ಸಿಖ್ಖರ ಮೂರು ನೇಮಗಳನ್ನು ಕೇಳಿದಾಗ ಇಲಕಲ್ಲಿನ ನೇಕಾರನಿಗೂ ಕಾಯಕ ದಾಸೋಹಗಳ ನೆನಪಾಗದಿರದು.

ಅಮೃತ ಸ್ವೀಕರಿಸಿ ಏಳು ವರ್ಷ ತುಂಬುವುದರೊಳಗೆ ಸಾಹಿಬ್ ಸಿಂಗನ ಮಾತಿಗೆ ಕಡೆಯ ಪರೀಕ್ಷೆ ಬಂದಿತು. ಆನಂದಪುರವನ್ನು ಬಿಟ್ಟ ಗುರುಗಳು ಸುಮಾರು ನಲವತ್ತು ಜನರೊಡನೆ ಚಮಕೌರಿನ ಮಣ್ಣಿನ ಗಢಿಯಲ್ಲಿ ನಿಂತು ಮೊಗಲರ ದೊಡ್ಡ ಸೈನ್ಯವನ್ನು ಎದುರಿಸಿದರು. ಅಲ್ಲಿ ಗುರುಗಳ ಹಿರಿಯ ಮಕ್ಕಳಿಬ್ಬರು ಮಡಿದರು. ಹಿಮ್ಮತ ಸಿಂಗ, ಮೊಹಕಮ ಸಿಂಗರೊಡನೆ ಸಾಹಿಬ್ ಸಿಂಗನೂ ವೀರಸ್ವರ್ಗವನ್ನೈದಿದನು. ಬೈಸಾಖಿಯಂದು ಅರ್ಪಿಸಿದ ತಲೆಯನ್ನು ಚಮಕೌರಿನಲ್ಲಿ ಸಲ್ಲಿಸಿದನು.

ಸಿಖ್ಖರು ನಿತ್ಯದ ಪ್ರಾರ್ಥನೆಯಲ್ಲಿ ಇಂದಿಗೂ ಈ ಪಂಚಪ್ರಿಯರನ್ನು ನೆನೆಯುತ್ತಾರೆ. ಹುಟ್ಟಿನಿಂದ ಯಾರೂ ನಿಜವಾದ ಸಿಖ್ಖರಾಗರು. ಅಹಂಕಾರವನ್ನು ದಿನದಿನವೂ ಗುರುವಿನ ಮುಂದಿಟ್ಟು, ದೀನರಿಗಾಗಿ ನಿಲ್ಲುವವನೇ ಸಿಖ್. ವಿದ್ಯಾರ್ಥಿಗಳಾದ ನಾವು ಹೆಸರಿನಿಂದಲೇ ಶಿಷ್ಯರು. ಪದವಿಯ ಕಾಗದ ಕೈಗೆ ಬಂದ ಮೇಲೂ ಕಲಿಯುವ ವಿನಯ ಉಳಿದರೆ, ಬೀದರಿನ ಈ ಕನ್ನಡಿಗನ ಬಾಳು ನಮಗೆ ದಾರಿ ತೋರೀತು.