ಶರೀಫಜ್ಜ ಕಲಿತ ಮನೆ

ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವ ತಾಲೂಕಿನಲ್ಲಿ ಶಿಶುವಿನಹಾಳ ಎಂಬ ಊರಿದೆ. ಜನರ ಬಾಯಲ್ಲಿ ಅದು ಶಿಶುನಾಳ. ಸವಣೂರು, ಹಾನಗಲ್ಲ, ಹಿರೇಕೆರೂರು ಕಡೆಯವರಿಗೂ ಆ ಹೆಸರು ಗೊತ್ತು, ಏಕೆಂದರೆ ಅದು ಸಂತ ಶಿಶುನಾಳ ಶರೀಫರ ಊರು. ಅವರ ಹಾಡು ಕೇಳದವರು ನಮ್ಮಲ್ಲಿ ಸಿಗುವುದು ಕಷ್ಟ. ನನ್ನ ನಾನಿಗೆ ಕನ್ನಡ ಓದಲು ಬರುವುದಿಲ್ಲ, ಮನೆಯಲ್ಲಿ ನಾವು ಮಾತಾಡುವುದು ಉರ್ದು. ಆದರೂ ರೇಡಿಯೋದಲ್ಲಿ ಶರೀಫರ ಪದ ಬಂದರೆ ನಾನಿ ದನಿ ಏರಿಸು ಎನ್ನುತ್ತಾರೆ. ಹಾಡು ಎಲ್ಲರಿಗೂ ಗೊತ್ತಿದೆ. ಆ ಹಾಡು ಕಟ್ಟಿದವರು ಎಲ್ಲಿ ಕಲಿತರು, ಯಾರ ಹತ್ತಿರ ಕಲಿತರು ಎಂಬುದನ್ನು ನಾವು ಅಷ್ಟಾಗಿ ಕೇಳುವುದಿಲ್ಲ. ಈ ಲೇಖನ ಅದರ ಬಗ್ಗೆ.

ಶರೀಫರು ಹುಟ್ಟಿದ್ದು 1819ರಲ್ಲಿ. ಪೇಶ್ವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿ ಸರಕಾರದ ಕೈಗೆ ಆಗತಾನೇ ಬಂದಿತ್ತು. ಪಕ್ಕದ ಸವಣೂರಿನಲ್ಲಿ ನವಾಬರಿದ್ದರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಬಹಳ ಕಾಲ ಮಕ್ಕಳಿಲ್ಲದೆ ಹುಲಗೂರಿನ ಖಾದರ್ ಶಾ ವಲಿಯವರ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಈ ಮಗ ಹುಟ್ಟಿದನೆಂದು ಜನ ಹೇಳುತ್ತಾರೆ. ಮಗುವಿಗೆ ಮಹಮ್ಮದ್ ಶರೀಫ್ ಎಂದು ಹೆಸರಿಟ್ಟರು.

ಶರೀಫರ ಮೊದಲ ಶಾಲೆ ಅವರ ಮನೆಯೇ. ಇಮಾಮ್ ಸಾಹೇಬರು ಹಜರೇಶ ಖಾದ್ರಿ ಎಂಬ ಸೂಫಿ ಗುರುಗಳ ಶಿಷ್ಯರು. ಹಿಂದೂ ಮುಸ್ಲಿಮರು ಒಂದಾಗಿ ಬಾಳಬೇಕು ಎಂಬುದು ಆ ಗುರುಗಳ ಆಸೆಯಾಗಿತ್ತು. ಅದರಂತೆ ಇಮಾಮ್ ಸಾಹೇಬರು ತಮ್ಮ ದೀನಿನ ಜೊತೆಗೆ ರಾಮಾಯಣ, ಮಹಾಭಾರತದ ಕಥೆಗಳನ್ನೂ ಅಲ್ಲಮಪ್ರಭುಗಳ ವಿಚಾರಗಳನ್ನೂ ಮಗನಿಗೆ ಹೇಳಿಕೊಟ್ಟರು. ಮಗ ಏನು ಕಲಿಯಬೇಕು ಎಂಬುದನ್ನು ಸರಕಾರವಾಗಲಿ ಊರಿನವರಾಗಲಿ ಗೊತ್ತುಮಾಡಲಿಲ್ಲ, ತಂದೆಯೇ ಗೊತ್ತುಮಾಡಿದರು.

ಮನೆಯಲ್ಲಿ ಹೇಳಿಕೊಡುವುದು ಮುಗಿದಾಗ ಇಮಾಮ್ ಸಾಹೇಬರು ಇನ್ನೊಂದು ನಿರ್ಧಾರ ಮಾಡಿದರು. ಈಗ ಕುಂದಗೋಳ ತಾಲೂಕಿಗೆ ಸೇರಿರುವ ಕಳಸ ಎಂಬ ಊರಿನಲ್ಲಿ ಗೋವಿಂದಭಟ್ಟರು ಎಂಬ ಬ್ರಾಹ್ಮಣರಿದ್ದರು. ದೊಡ್ಡ ವಿದ್ವಾಂಸರು, ಆದರೆ ಮಡಿ ಮೈಲಿಗೆ ಲೆಕ್ಕಕ್ಕಿಡದವರು, ಯಾವ ಜಾತಿಯವರ ಮನೆಯಲ್ಲೂ ಕೂತು ಮಾತಾಡುವವರು. ಈ ಕಾರಣಕ್ಕೆ ಅವರ ಜಾತಿಯವರೇ ಅವರನ್ನು ದೂರ ಇಟ್ಟಿದ್ದರು. ಇಮಾಮ್ ಸಾಹೇಬರು ಮಗನನ್ನು ಅವರ ಕೈಗೆ ಒಪ್ಪಿಸಿದರು. ಮೊದಲ ಭೇಟಿಯ ಕಥೆಯನ್ನು ಶಿಶುನಾಳದ ಕಡೆ ಇಂದಿಗೂ ಹೇಳುತ್ತಾರೆ. ನಿಮ್ಮಪ್ಪ ಯಾರು ಎಂದು ಭಟ್ಟರು ಹುಡುಗನನ್ನು ಕೇಳಿದರಂತೆ. ನಿಮ್ಮ ತಂದೆ ಯಾರೋ ನನ್ನ ತಂದೆಯೂ ಅವನೇ ಎಂಬ ಅರ್ಥದಲ್ಲಿ ಹುಡುಗ ಉತ್ತರ ಕೊಟ್ಟನಂತೆ. ಎಲ್ಲರನ್ನೂ ಹುಟ್ಟಿಸಿದವನು ಒಬ್ಬನೇ ಎಂಬುದನ್ನು ಈ ಹುಡುಗ ಮನೆಯಲ್ಲೇ ಕಲಿತು ಬಂದಿದ್ದಾನೆ ಎಂದು ಭಟ್ಟರಿಗೆ ತಿಳಿಯಿತು. ಶಿಷ್ಯನನ್ನು ಒಪ್ಪಿಕೊಂಡರು.

ಅಲ್ಲಿಂದ ಶರೀಫರ ಕಲಿಕೆಗೆ ಗಂಟೆಯೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಗುರುಗಳ ಮನೆಯೇ ಶಾಲೆ. ಗುರುಗಳು ಹೋದಲ್ಲಿ ಹೋಗುವುದು, ಅವರು ಕೂತಲ್ಲಿ ಕೂರುವುದು, ಉಂಡಲ್ಲಿ ಉಣ್ಣುವುದು, ಸಂಶಯ ಬಂದಾಗ ಕೇಳುವುದು. ಆ ಕಾಲದಲ್ಲಿ ಒಬ್ಬ ಮುಸ್ಲಿಂ ಹುಡುಗ ಬ್ರಾಹ್ಮಣರ ಜೊತೆಗೆ ಹೀಗಿರುವುದು ಸಣ್ಣ ಸಂಗತಿಯಲ್ಲ. ಒಂದು ದಿನ ಗೋವಿಂದಭಟ್ಟರು ತಮ್ಮ ಜನಿವಾರವನ್ನೇ ತೆಗೆದು ಶಿಷ್ಯನ ಕೊರಳಿಗೆ ಹಾಕಿದರು ಎಂಬುದು ಎಲ್ಲರೂ ಬಲ್ಲ ಕಥೆ. ಇದರಿಂದ ಎರಡೂ ಕಡೆಯವರಿಗೆ ಸಿಟ್ಟು ಬಂತು. ಬ್ರಾಹ್ಮಣರು ಗುರುವನ್ನು ಬೈದರು, ಮುಸ್ಲಿಮರು ಶಿಷ್ಯನನ್ನು ಬೈದರು. ಗುರು ಶಿಷ್ಯರಿಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ. ಶರೀಫರು ತಮ್ಮ ಹೆಸರನ್ನೂ ಬಿಡಲಿಲ್ಲ, ತಮ್ಮ ಮನೆತನವನ್ನೂ ಬಿಡಲಿಲ್ಲ. ಹುಲಗೂರಿನ ಖಾದರ್ ಶಾ ವಲಿಯವರನ್ನು ನೆನೆದ ಬಾಯಿಯಲ್ಲೇ ಗುರು ಗೋವಿಂದರನ್ನೂ ನೆನೆದರು.

ಶರೀಫರು ಬರೀ ಗುರುವಿನ ಹಿಂದೆ ತಿರುಗಿದವರಲ್ಲ. ಅವರು ಮುಲ್ಕಿ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಮುಂಬೈ ಪ್ರಾಂತ್ಯದ ಆಡಳಿತದಲ್ಲಿ ಮುಲ್ಕಿ ಪಾಸಾದವರಿಗೆ ಕನ್ನಡ ಶಾಲೆಯ ಮಾಸ್ತರ ಕೆಲಸ ಸಿಗುತ್ತಿತ್ತು. ಶರೀಫರೂ ಕೆಲವು ಕಾಲ ಸುತ್ತಲಿನ ಹಳ್ಳಿಗಳಲ್ಲಿ ಮಾಸ್ತರರಾಗಿದ್ದರು. ಆಮೇಲೆ ಆ ಕೆಲಸ ಬಿಟ್ಟು ಗುರುವಿನ ದಾರಿ ಹಿಡಿದರು. ನಾನು ವಾಣಿಜ್ಯ ವಿಭಾಗದವನು, ಲಾಭ ನಷ್ಟ ಬರೆಯುವುದು ನಮ್ಮ ದಿನದ ಪಾಠ. ತಿಂಗಳ ಸಂಬಳದ ಕೆಲಸ ಬಿಟ್ಟಿದ್ದನ್ನು ಯಾವ ಕಡೆ ಬರೆಯಬೇಕೆಂದು ಯೋಚಿಸಿದರೆ ಮೊದಲು ನಷ್ಟದ ಕಡೆಯೇ ಕೈ ಹೋಗುತ್ತದೆ. ಅವರ ಊರಿನವರೂ ಹಾಗೆಯೇ ಬರೆದಿರಬೇಕು.

ಸಂಸಾರದಲ್ಲೂ ಅವರಿಗೆ ಸುಖ ಬಹಳ ದಿನ ಇರಲಿಲ್ಲ. ಕುಂದಗೋಳದ ಫಾತಿಮಾ ಅವರ ಜೊತೆ ಮದುವೆಯಾಯಿತು, ಒಂದು ಹೆಣ್ಣು ಮಗು ಹುಟ್ಟಿತು. ಮಗುವೂ ತೀರಿಕೊಂಡಿತು, ಫಾತಿಮಾ ಅವರೂ ತೀರಿಕೊಂಡರು. ಅದಾದ ಮೇಲೆ ಶರೀಫರು ಮತ್ತೆ ಗೃಹಸ್ಥರಾಗಲಿಲ್ಲ. ನವಲಗುಂದದ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು ಅವರ ಒಡನಾಡಿಗಳಾದರು. ಸಂತೆ, ಜಾತ್ರೆ, ಉರುಸು, ಮಠ ಎಲ್ಲಿ ಹೋದರೂ ಪದ ಕಟ್ಟಿದರು.

ಅವರ ಪದಗಳಲ್ಲಿ ಅವರು ಹೇಗೆ ಕಲಿತರು ಎಂಬುದು ಕಾಣುತ್ತದೆ. ಸೋರುವ ಮಾಳಿಗೆ, ಸೇದುವ ಗುಡುಗುಡಿ, ನುಡಿಸುವ ತಂಬೂರಿ, ಎಚ್ಚರ ತಪ್ಪಿದರೆ ಬೀಳುವ ಮುದುಕಿ, ಹೊಸದಾಗಿ ಬಂದ ಗಿರಣಿ, ಇವೇ ಅವರ ಪಾಠದ ವಸ್ತುಗಳು. ಗಿರಣಿಯನ್ನು ನೋಡಿ ಅದರೊಳಗೆ ಮನುಷ್ಯನ ದೇಹವನ್ನು ಕಂಡರು. ಸೋರುವ ಮಾಳಿಗೆಯಲ್ಲಿ ಅಜ್ಞಾನ ತುಂಬಿದ ಮನಸ್ಸನ್ನು ಕಂಡರು. ಕಣ್ಣೆದುರಿಗೆ ಇರುವುದನ್ನು ನೋಡಿ ಕಲಿಯುವುದನ್ನು ಗುರುವಿನ ಜೊತೆ ನಡೆಯುತ್ತಲೇ ರೂಢಿ ಮಾಡಿಕೊಂಡಿದ್ದರು. ಮೊಹರಂಗೆ ರಿವಾಯತ್ ಪದಗಳನ್ನೂ ಕಟ್ಟಿದರು. ನಮ್ಮ ಭಾಗದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂಗಳೂ ಮುಸ್ಲಿಮರೂ ಸೇರಿ ರಿವಾಯತ್ ಹಾಡಿ ಹೆಜ್ಜೆ ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಪದಗಳ ಕೊನೆಗೆ ಅವರು ಇಟ್ಟ ಅಂಕಿತ ತಮ್ಮ ಊರಿನ ದೇವರಾದ ಶಿಶುನಾಳಾಧೀಶನದು.

1889ರಲ್ಲಿ, ತಮ್ಮ 70ನೆಯ ವಯಸ್ಸಿನಲ್ಲಿ, ಶರೀಫರು ಶಿಶುನಾಳದಲ್ಲಿ ತೀರಿಕೊಂಡರು. ಆಗ ಒಂದು ಕಡೆ ಕುರಾನ್ ಓದಿದರು, ಇನ್ನೊಂದು ಕಡೆ ಮಂತ್ರ ಹೇಳಿದರು. ಬದುಕಿದ್ದಾಗ ಬೈದ ಎರಡೂ ಕಡೆಯವರು ಕೊನೆಗೆ ನಮ್ಮವರು ಎಂದು ಬಂದರು. ಇಂದಿಗೂ ಅವರ ಸಮಾಧಿಗೆ ಎರಡೂ ಸಮಾಜದವರು ಹೋಗುತ್ತಾರೆ. ಪುಸ್ತಕವಾಗುವ ಮೊದಲು ಅವರ ಪದಗಳು ಬಹಳ ಕಾಲ ಜನರ ನಾಲಿಗೆಯ ಮೇಲೆಯೇ ಉಳಿದವು. ಸಿ. ಅಶ್ವತ್ಥ್ ಅವರು ಹಾಡಿದ ಮೇಲೆ, 1990ರಲ್ಲಿ ಟಿ.ಎಸ್. ನಾಗಾಭರಣ ಅವರ ಚಲನಚಿತ್ರ ಬಂದ ಮೇಲೆ, ಅವು ಕರ್ನಾಟಕದ ಎಲ್ಲ ಮನೆಗಳಿಗೂ ತಲುಪಿದವು.

ಈಗಲೂ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ನಮ್ಮ ದೇಶದಲ್ಲಿವೆ. ಅಂಥ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಪರೀಕ್ಷೆ ಬರೆಯಬಹುದು. ಅದು ಸರಿಯೋ ತಪ್ಪೋ ಎಂದು ಹೇಳಲು ನಾನು ಹೊರಟಿಲ್ಲ. ನಾವು ಕಾಲೇಜಿಗೆ ಬರುವವರು, ಪರೀಕ್ಷೆ ಬರೆಯಲೇಬೇಕು. ಶರೀಫರೂ ಮುಲ್ಕಿ ಬರೆದರು. ಆದರೆ ಅವರನ್ನು ಶರೀಫಜ್ಜನನ್ನಾಗಿ ಮಾಡಿದ್ದು ಮುಲ್ಕಿಯಲ್ಲ. ನಮ್ಮವರಲ್ಲದವರ ಮನೆಗೆ ಹೋಗಿ ಕಲಿ ಎಂದು ಕಳಿಸಿದ ತಂದೆ, ಬಾ ಎಂದು ಬಾಗಿಲು ತೆರೆದ ಗುರು, ಈ ಇಬ್ಬರು ಮಾಡಿದ್ದು.

ಮನೆಯಲ್ಲಿ ಕಲಿಸುವುದೆಂದರೆ ಮಗುವನ್ನು ಹೊರಗಿನವರಿಂದ ದೂರ ಇಡುವುದು ಎಂದು ಕೆಲವರು ತಿಳಿಯುತ್ತಾರೆ. ಇಮಾಮ್ ಸಾಹೇಬರು ಮನೆಯಲ್ಲಿ ಕಲಿಸಿದ್ದು ಮಗ ಹೊರಗೆ ಹೋಗಲು ಹೆದರಬಾರದು ಎಂದು. ತನ್ನ ಮನೆಯ ಪಾಠ ಗಟ್ಟಿಯಾಗಿದ್ದರೆ ಮಗ ಇನ್ನೊಬ್ಬರ ಮನೆಯಲ್ಲಿ ಕಳೆದುಹೋಗುವುದಿಲ್ಲ ಎಂಬ ಧೈರ್ಯ ಆ ತಂದೆಗಿತ್ತು. ಇಂದು ಮಗನನ್ನೋ ಮಗಳನ್ನೋ ಯಾವ ಕಾಲೇಜಿಗೆ ಕಳಿಸಬೇಕು, ಯಾರ ಜೊತೆ ಕೂರಿಸಬೇಕು ಎಂದು ಯೋಚಿಸುವ ನಮ್ಮ ಅಬ್ಬಾ, ಅಮ್ಮಿಯರಿಗೂ ಆ ಧೈರ್ಯ ಬೇಕು. ಅದಕ್ಕಿಂತ ಮೊದಲು ನಮಗೆ ಬೇಕು. ಗೆಳೆಯರೇ, ಶಿಶುನಾಳ ನಮಗೆ ದೂರವಲ್ಲ. ಒಂದು ಭಾನುವಾರ ಎಲ್ಲರೂ ಕೂಡಿ ಹೋಗಿಬರೋಣ. ನಾನಿಯನ್ನೂ ಕರೆದುಕೊಂಡು ಬರುತ್ತೇನೆ.