ಹರ್ಡೇಕರ ಮಂಜಪ್ಪನವರ ಸಾರ್ವಜನಿಕ ಜೀವನ

ದೇಶದ ಸ್ಥಿತಿಯನ್ನು ನೆನೆದು ನಿಡುಸುಯ್ಯದ ಮನುಷ್ಯನು ಇಂದು ಯಾವ ಊರಿನಲ್ಲಿಯೂ ದೊರೆಯುವುದು ಕಷ್ಟ. ನಮ್ಮ ಮಾಯಕೊಂಡದಂಥ ಊರಿನಲ್ಲಿಯೂ ಸಂಜೆಯಾಯಿತೆಂದರೆ ಕಟ್ಟೆಯ ಮೇಲೆ ನಡೆಯುವ ಮಾತು ಇದೇ. ಮಂತ್ರಿಗಳು ಹೀಗೆ, ಅಧಿಕಾರಿಗಳು ಹಾಗೆ, ಪಕ್ಷಗಳಿಗೆ ನೀತಿಯಿಲ್ಲ, ಲಂಚವಿಲ್ಲದೆ ಕಾಗದ ಕದಲುವುದಿಲ್ಲ, ಜಾತಿಯಿಲ್ಲದೆ ಚುನಾವಣೆ ನಡೆಯುವುದಿಲ್ಲ ಎಂದು ಒಬ್ಬರು ಹೇಳಿದರೆ ಉಳಿದವರು ತಲೆದೂಗುತ್ತಾರೆ. ಹೇಳಿದವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಮಾತು ಮುಗಿದ ಮೇಲೆ ಎಲ್ಲರೂ ಎದ್ದು ಮನೆಗೆ ಹೋಗುತ್ತಾರೆ; ಮರುದಿನ ಸಂಜೆ ಅದೇ ಮಾತು ಮತ್ತೆ ಮೊದಲಾಗುತ್ತದೆ. ಈ ಬೇಸರವನ್ನು ಒಬ್ಬ ಮನುಷ್ಯನು ತನ್ನ ಬಾಳಿನಲ್ಲಿ ಏನು ಮಾಡಬಹುದು ಎಂಬ ಪ್ರಶ್ನೆಗೆ ಉತ್ತರವನ್ನು ನಡೆದು ತೋರಿಸಿದವರೊಬ್ಬರು ನಮ್ಮ ಸೀಮೆಯಲ್ಲಿಯೇ ಇದ್ದರು. ಕರ್ನಾಟಕದ ಗಾಂಧಿ ಎಂದು ಜನರು ಪ್ರೀತಿಯಿಂದ ಕರೆದ ಹರ್ಡೇಕರ ಮಂಜಪ್ಪನವರೇ ಅವರು. ಅವರ ಹೆಸರನ್ನು ಬಲ್ಲವರು ಅನೇಕರು. ಅವರ ಬಾಳಿನ ಕ್ರಮವನ್ನು ಬಲ್ಲವರು ವಿರಳ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಂಜಪ್ಪನವರು 1886ರಲ್ಲಿ ಬನವಾಸಿಯ ಒಂದು ಬಡ ವೀರಶೈವ ಮನೆತನದಲ್ಲಿ ಜನಿಸಿದರು. ಕದಂಬರ ರಾಜಧಾನಿಯಾಗಿ ಮೆರೆದ ಆ ಊರು ಅವರ ಬಾಲ್ಯದ ಹೊತ್ತಿಗೆ ಮುಂಬಯಿ ಪ್ರಾಂತದ ಒಂದು ಮೂಲೆಯ ಗ್ರಾಮವಾಗಿತ್ತು. ಅಂದಿನ ಕನ್ನಡನಾಡು ಹರಿದು ಹಂಚಿಹೋಗಿದ್ದ ಬಗೆಯನ್ನು ಇಂದಿನ ತರುಣರು ಊಹಿಸಲಾರರು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರು. ಹರಿಹರದ ಸೇತುವೆಯ ಮೇಲೆ ನಿಂತು ನೋಡಿದರೆ ಈಚೆಯ ದಡ ಮೈಸೂರು ಮಹಾರಾಜರದು, ಆಚೆಯ ದಡ ಮುಂಬಯಿ ಸರಕಾರದ ಧಾರವಾಡ ಜಿಲ್ಲೆ. ತುಸು ದೂರದ ಹರಪನಹಳ್ಳಿ ಮದರಾಸು ಸರಕಾರಕ್ಕೆ ಸೇರಿದ ಬಳ್ಳಾರಿ ಜಿಲ್ಲೆ. ಒಂದೇ ನದಿಯ ನೀರು ಕುಡಿದು ಒಂದೇ ಭಾಷೆಯಾಡುವ ಜನರಿಗೆ ಮೂರು ಸರಕಾರ, ಮೂರು ಕಾನೂನು. ಹಾಸ್ಯಾಸ್ಪದವಾದ ಈ ವ್ಯವಸ್ಥೆಯನ್ನು ಸಹಜವೆಂದು ಒಪ್ಪಿಕೊಂಡು ಜನರು ಬದುಕುತ್ತಿದ್ದರು. ಸಮಾಜದ ಅಸಂಗತಗಳೆಲ್ಲ ಹೀಗೆಯೇ. ಅವು ಹಳೆಯವಾದಷ್ಟೂ ಕಣ್ಣಿಗೆ ಕಾಣುವುದಿಲ್ಲ.

ಮಂಜಪ್ಪನವರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಅಲ್ಪ ಸಂಬಳದ ಶಾಲಾಮಾಸ್ತರರಾದರು. ಬಡ ಮನೆಯ ಹುಡುಗನಿಗೆ ಸರಕಾರಿ ಶಾಲೆಯ ಮಾಸ್ತರಿಕೆಯೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ಊರಿನಲ್ಲಿ ಮರ್ಯಾದೆ, ತಿಂಗಳಿಗೆ ತಪ್ಪದ ಸಂಬಳ. ಆ ವೇಳೆಗೆ 1905ರಲ್ಲಿ ಬಂಗಾಲದ ವಿಭಜನೆಯಾಗಿ ಸ್ವದೇಶಿಯ ಕೂಗು ದೇಶದ ತುಂಬ ಎದ್ದಿತು. ಪುಣೆಯಿಂದ ಬರುತ್ತಿದ್ದ ತಿಲಕರ ಕೇಸರಿ ಪತ್ರಿಕೆ ಉತ್ತರ ಕರ್ನಾಟಕದ ತರುಣರ ಮನಸ್ಸನ್ನು ಕಲಕಿತು. ಸ್ವದೇಶಿಯ ಮಾತನ್ನು ಕೇಳಿ ಚಪ್ಪಾಳೆ ತಟ್ಟಿದವರು ಸಾವಿರಾರು ಮಂದಿ. ಮಂಜಪ್ಪನವರಾದರೋ ಮಾತಿಗೂ ನಡತೆಗೂ ನಡುವೆ ಅಂತರ ಉಳಿಯಕೂಡದೆಂದು ಎಣಿಸಿ ನೌಕರಿಯನ್ನೇ ಬಿಟ್ಟರು. ಆಗ ಅವರಿಗೆ ಇನ್ನೂ ಇಪ್ಪತ್ತರ ಪ್ರಾಯ.

ನೌಕರಿ ಬಿಟ್ಟ ಅವರು ಗಡಿ ದಾಟಿ ದಾವಣಗೆರೆಗೆ ಬಂದರು. ದಾವಣಗೆರೆ ಅಂದೇ ವ್ಯಾಪಾರದ ಊರು. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲು ನಮ್ಮ ಮಾಯಕೊಂಡದ ಮೇಲೆ ಹಾದು ಅಲ್ಲಿಗೆ ಹೋಗುತ್ತಿತ್ತು. ಸುತ್ತಲಿನ ಮೂರು ಸರಕಾರಗಳ ಸೀಮೆಯ ಜನ ಅಲ್ಲಿ ಕೂಡುತ್ತಿದ್ದರು. ಅಲ್ಲಿಂದ 1906ರಲ್ಲಿ ಮಂಜಪ್ಪನವರು ಧನುರ್ಧಾರಿ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಕೈಯಲ್ಲಿ ಹಣವಿಲ್ಲ, ಬೆನ್ನಿಗೆ ಶ್ರೀಮಂತರಿಲ್ಲ. ತಿಲಕರ ವಿಚಾರಗಳನ್ನು ಕನ್ನಡದ ಜನಸಾಮಾನ್ಯರಿಗೆ ಮುಟ್ಟಿಸುವುದೇ ಅವರ ಹಂಬಲವಾಗಿತ್ತು.

ಆಗಿನ ಮೈಸೂರು ಮಾದರಿ ಸಂಸ್ಥಾನವಾಗುವ ಹಾದಿಯಲ್ಲಿತ್ತು. 1881ರಿಂದ ಪ್ರಜಾಪ್ರತಿನಿಧಿ ಸಭೆಯಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂದಿತು. ಆದರೆ ಸಭೆಯನ್ನು ಕೊಟ್ಟ ಮರುವರ್ಷವೇ, ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರ ವೃತ್ತಪತ್ರಿಕೆಗಳ ಶಾಸನ ಜಾರಿಗೆ ಬಂದಿತು. ಸರಕಾರದ ಅನುಮತಿಯಿಲ್ಲದೆ ಪತ್ರಿಕೆಯನ್ನು ಹೊರಡಿಸುವಂತಿರಲಿಲ್ಲ. ಪ್ರಜೆಗಳು ಮಾತಾಡಲೆಂದು ಸಭೆಯನ್ನು ಕಟ್ಟಿದವರೇ ಪ್ರಜೆಗಳ ಬಾಯಿಗೆ ಬೀಗ ಹಾಕಿದರು. ಮೈಸೂರಿನ ತಾತಯ್ಯ ವೆಂಕಟಕೃಷ್ಣಯ್ಯನವರಂಥ ಹಿರಿಯರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅದೇ ವರ್ಷ ಜುಲೈ ತಿಂಗಳಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಸಾಗಿಸಿದರು. ರಾಜಕಾರಣದ ಮಾತನ್ನೇ ನಂಬಿಕೊಂಡಿದ್ದ ತರುಣರಿಗೆ ಅದು ಕತ್ತಲೆಯ ಕಾಲ. ಕೆಲವರು ಗುಪ್ತ ಮಾರ್ಗ ಹಿಡಿದರು. ಬಹಳ ಮಂದಿ ಮನೆ ಸೇರಿದರು.

ಮಂಜಪ್ಪನವರ ಬಾಳಿನ ತಿರುವನ್ನು ಇಲ್ಲಿ ಗಮನಿಸಬೇಕು. ಪರರ ಆಳಿಕೆ ಹೋಗಬೇಕೆಂಬ ಮಾತಿನಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೆ ಆಳಿಸಿಕೊಳ್ಳುವವರ ನಡತೆ ಹಾಗೆಯೇ ಉಳಿದರೆ ಸಿಂಹಾಸನದ ಮೇಲೆ ಕುಳಿತವರು ಬದಲಾಗಬಹುದೇ ಹೊರತು ಆಳಿಕೆ ಬದಲಾಗುವುದಿಲ್ಲ ಎಂಬುದನ್ನು ಅವರ ಮುಂದಿನ ಕಾರ್ಯಗಳೆಲ್ಲ ಸಾರುತ್ತವೆ. ಯೌವನದಲ್ಲಿಯೇ ಆಜೀವ ಬ್ರಹ್ಮಚರ್ಯದ ವ್ರತವನ್ನು ಕೈಕೊಂಡರು. ಸರಳವಾದ ಊಟ, ಸರಳವಾದ ಉಡುಗೆ, ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವ ನಿಯಮ ಇವನ್ನು ಬಿಡದೆ ನಡೆಸಿದರು. ಅರಸನಂತೆ ಪ್ರಜೆಗಳೆಂಬ ಹಳೆಯ ಮಾತನ್ನು ಅವರು ತಿರುಗಿಸಿ ಓದಿದರೆನ್ನಬಹುದು. ಪ್ರಜೆಗಳು ಹೇಗೋ ಅರಸರೂ ಹಾಗೆಯೇ ದೊರೆಯುತ್ತಾರೆ. ಆದುದರಿಂದ ತಿದ್ದುವ ಕೆಲಸ ತನ್ನಿಂದಲೇ ಮೊದಲಾಗಬೇಕು.

ಈ ವಿಚಾರಕ್ಕೆ ಅವರಿಗೆ ಆಧಾರವಾದವರು ಬಸವಣ್ಣನವರು. ಬಿಜ್ಜಳನ ಭಂಡಾರವನ್ನು ಕಾಯುತ್ತ, ಅಧಿಕಾರದ ನಡುವೆ ಇದ್ದೂ ಅದಕ್ಕೆ ಅಂಟಿಕೊಳ್ಳದೆ, ಕಾಯಕದಿಂದಲೇ ಮನುಷ್ಯನ ಬೆಲೆಯನ್ನು ಅಳೆದ ಮಹಾಪುರುಷರವರು. ಆದರೆ ಅಂದಿನ ನಮ್ಮ ಸಮಾಜದಲ್ಲಿ ಬಸವಣ್ಣನವರು ಪುರಾಣದ ವೃಷಭಾವತಾರವಾಗಿ ಪೂಜೆಗೊಳ್ಳುತ್ತಿದ್ದರೇ ವಿನಾ ನಡತೆಯ ಗುರುವಾಗಿ ಜನರ ಮುಂದಿರಲಿಲ್ಲ. ವಚನಗಳು ಓಲೆಯ ಕಟ್ಟುಗಳಲ್ಲಿ ಮಲಗಿದ್ದವು, ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಪ್ರಕಟವಾಗುವುದಕ್ಕೆ ಇನ್ನೂ ಹತ್ತು ವರ್ಷ ಬೇಕಾಗಿತ್ತು. ಅಂಥ ಹೊತ್ತಿನಲ್ಲಿ, 1913ರಲ್ಲಿ, ದಾವಣಗೆರೆಯ ವಿರಕ್ತಮಠದಲ್ಲಿ ಪೂಜ್ಯ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸಿದರು. ಆ ಸ್ವಾಮಿಗಳೇ ಮುಂದೆ ಧಾರವಾಡದ ಮುರುಘಾಮಠದ ಅಧಿಪತಿಗಳಾಗಿ ಬಡ ವಿದ್ಯಾರ್ಥಿಗಳ ಅನ್ನದಾತರೆಂದು ಖ್ಯಾತರಾದವರು. ತಿಲಕರು ಮಹಾರಾಷ್ಟ್ರದಲ್ಲಿ 1893ರಿಂದ ಗಣೇಶೋತ್ಸವವನ್ನೂ 1895ರಿಂದ ಶಿವಾಜಿ ಉತ್ಸವವನ್ನೂ ಮನೆಯಂಗಳದಿಂದ ಬೀದಿಗೆ ತಂದಿದ್ದರು. ವೈಶಾಖ ಶುದ್ಧ ತದಿಗೆಯ ಬಸವ ಜಯಂತಿಯೂ ಅದೇ ಮಾದರಿಯದು. ವರ್ಷಕ್ಕೊಂದು ದಿನ ಸಮಾಜವು ಒಟ್ಟಾಗಿ ಕುಳಿತು ಬಸವಣ್ಣನವರ ಬಾಳಿಗೆ ತನ್ನ ಬಾಳನ್ನು ಹೋಲಿಸಿ ನೋಡಿಕೊಳ್ಳಲು ಅದು ಅವಕಾಶ ಕೊಟ್ಟಿತು. ವ್ಯಾಪಾರಿಗಳು ವರ್ಷಕ್ಕೊಮ್ಮೆ ಲೆಕ್ಕ ತೆಗೆಯುವಂತೆ ಸಮಾಜವೂ ಲೆಕ್ಕ ತೆಗೆಯಲೆಂಬ ಹಬ್ಬವದು.

ಗಾಂಧೀಜಿಯವರು ದೇಶದ ಮುಂದಾಳಾದ ಮೇಲೆ ಮಂಜಪ್ಪನವರಿಗೆ ತಾವು ಹಿಡಿದ ದಾರಿಯೇ ದೊಡ್ಡ ಹೆದ್ದಾರಿಯಾಗಿ ಕಂಡಿತು. ಸತ್ಯಾಗ್ರಹವನ್ನೂ ಶರಣಧರ್ಮವನ್ನೂ ಅವರು ಬೇರೆ ಬೇರೆಯೆಂದು ಎಣಿಸಲಿಲ್ಲ. ಕಾಯಕದ ಜೊತೆಗೆ ನೂಲುವ ಚಕ್ರ ಬಂದಿತು. ದಾಸೋಹದ ಜೊತೆಗೆ ಗ್ರಾಮಸೇವೆ ಬಂದಿತು. 1920ರ ದಶಕದಲ್ಲಿ ಹರಿಹರದ ಬಳಿ ತುಂಗಭದ್ರೆಯ ದಡದಲ್ಲಿ ಸತ್ಯಾಗ್ರಹಾಶ್ರಮವನ್ನು ಕಟ್ಟಿದರು. ಬಳಿಕ ಕೃಷ್ಣೆಯ ದಡದ ಆಲಮಟ್ಟಿಗೆ ಹೋಗಿ 1927ರಲ್ಲಿ ಅಲ್ಲಿ ಆಶ್ರಮವನ್ನೂ ವಿದ್ಯಾಲಯವನ್ನೂ ನೆಲೆಗೊಳಿಸಿದರು. ಖಾದಿ ವಿಜಯ, ಉದ್ಯೋಗ, ಶರಣ ಸಂದೇಶ ಎಂಬ ಪತ್ರಿಕೆಗಳನ್ನು ನಡೆಸಿದರು. ಬಸವ ಚರಿತ್ರೆ ಮೊದಲಾದ ಹಲವು ಪುಸ್ತಕಗಳನ್ನು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಬರೆದರು. ಮೂವತ್ತು ವರ್ಷಗಳ ಸೇವೆಯ ವೃತ್ತಾಂತವನ್ನು ಬರೆದಾಗ ಅದಕ್ಕೆ ಕಾಣಿಕೆಯೆಂದು ಹೆಸರಿಟ್ಟರು. ದುಡಿದದ್ದಕ್ಕೆ ಪ್ರತಿಫಲ ಬೇಡುವವನ ಮಾತು ಅದಲ್ಲ.

ಈ ಬಾಳಿಗೆ ಒಂದು ಆಕ್ಷೇಪಣೆಯುಂಟು; ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಸಜ್ಜನರೆಲ್ಲ ಹೀಗೆ ಆಶ್ರಮ ಕಟ್ಟಿಕೊಂಡು ಚಕ್ರ ತಿರುಗಿಸುತ್ತ ಕುಳಿತರೆ ಅಧಿಕಾರವು ದುರ್ಜನರ ಪಾಲಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಬಸವಣ್ಣನವರೇ ಭಂಡಾರಿಯ ಹೊಣೆಯನ್ನು ಹೊತ್ತವರು. ಅಧಿಕಾರವನ್ನು ಮುಟ್ಟುವುದೇ ಮೈಲಿಗೆಯೆಂದು ಶರಣರು ತಿಳಿದಿರಲಿಲ್ಲ. ಆದರೆ ಮಂಜಪ್ಪನವರು ಸಮಾಜದಿಂದ ಓಡಿಹೋದ ವಿರಕ್ತರಲ್ಲವೆಂಬುದನ್ನು ಮರೆಯಬಾರದು. ಒಂದರ ಮೇಲೊಂದು ಪತ್ರಿಕೆ ನಡೆಸಿದವನು, ಸಾರ್ವಜನಿಕ ಉತ್ಸವವನ್ನು ಹುಟ್ಟುಹಾಕಿದವನು, ಹುಡುಗರಿಗಾಗಿ ವಿದ್ಯಾಲಯ ಕಟ್ಟಿದವನು ಜನರ ನಡುವೆಯೇ ಇದ್ದವನು. ಅವರು ಬಿಟ್ಟದ್ದು ಪದವಿಯನ್ನು, ಹೊಣೆಯನ್ನಲ್ಲ. ಪದವಿಗೆ ಹೋಗುವವರು ಹೋಗಲಿ. ಅವರನ್ನು ಕಳುಹಿಸುವ ಜನರು ಎಂಥವರಾಗಿರಬೇಕೆಂಬ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ. ಆ ಕೆಲಸಕ್ಕೆ ಚುನಾವಣೆಯಿಲ್ಲ, ಸಂಬಳವಿಲ್ಲ, ಎಂತಲೇ ಅಭ್ಯರ್ಥಿಗಳೂ ಇಲ್ಲ.

ಮಂಜಪ್ಪನವರು 1947ರ ಜನವರಿಯಲ್ಲಿ ಲಿಂಗೈಕ್ಯರಾದರು. ಸ್ವಾತಂತ್ರ್ಯಕ್ಕೆ ಇನ್ನು ಏಳು ತಿಂಗಳಿತ್ತು. ಮೂರು ದಡಗಳ ಕನ್ನಡಿಗರು ಒಂದೇ ರಾಜ್ಯದಲ್ಲಿ ಸೇರಿದ 1956ರ ನವೆಂಬರಿಗೆ ಇನ್ನು ಸುಮಾರು ಹತ್ತು ವರ್ಷಗಳಿದ್ದವು. ಯಾವುದಕ್ಕಾಗಿ ನೌಕರಿ ಬಿಟ್ಟರೋ ಅದನ್ನು ಅವರ ಕಣ್ಣು ಕಾಣಲಿಲ್ಲ. ಅವರು ನೆಲೆಸಿದ್ದ ಆಲಮಟ್ಟಿಯಲ್ಲಿ 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಇಂದು ಆಲಮಟ್ಟಿಯೆಂದರೆ ಜನರಿಗೆ ಜಲಾಶಯ ನೆನಪಾಗುತ್ತದೆ. ಚಕ್ರ ತಿರುಗಿಸುತ್ತಿದ್ದ ಬಡ ಬ್ರಹ್ಮಚಾರಿ ನೆನಪಾಗುವುದು ಕೆಲವರಿಗೆ ಮಾತ್ರ.

ಆದರೆ ಅವರು ಹಚ್ಚಿದ ಹಬ್ಬದ ದೀಪ ಆರಲಿಲ್ಲ. ಬಸವ ಜಯಂತಿ ನಾಡಹಬ್ಬವಾಯಿತು, ಸರಕಾರಿ ರಜೆಯಾಯಿತು. 2024ರ ಜನವರಿಯಲ್ಲಿ ಕರ್ನಾಟಕ ಸರಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಸರಕಾರಿ ಕಚೇರಿಗಳ ಗೋಡೆಗಳ ಮೇಲೆ ಅವರ ಭಾವಚಿತ್ರ ಬಂದಿತು. ಸಂತೋಷಪಡಬೇಕಾದ ವಿಷಯವೇ. ಆದರೆ ಆ ಚಿತ್ರದ ಕೆಳಗೆ ಕುಳಿತವನು ಮೇಜಿನಡಿಯಿಂದ ಕೈ ಚಾಚಿದರೆ, ಎದುರಿಗೆ ನಿಂತ ನಾವು ಬೇಗ ಕೆಲಸವಾಗಲೆಂದು ಆ ಕೈಗೆ ನೋಟು ಇಟ್ಟರೆ, ಗೋಡೆಯ ಮೇಲಿನ ಬಸವಣ್ಣನವರು ಯಾರನ್ನು ನೋಡುತ್ತಾರೆ? ಜಯಂತಿಯ ದಿನ ಮೆರವಣಿಗೆಯಲ್ಲಿ ಜಾತಿಯಿಲ್ಲವೆಂದು ಕೂಗಿ, ಮರುದಿನ ಹೆಣ್ಣು ಕೇಳಲು ಬಂದವರ ಒಳಪಂಗಡವನ್ನು ಮೊದಲು ವಿಚಾರಿಸಿದರೆ, ಆ ಕೂಗಿಗೆ ಬೆಲೆಯೇನು? ನಮ್ಮ ಮಾಯಕೊಂಡದ ವಿಧಾನಸಭಾ ಕ್ಷೇತ್ರವು 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ಮತಗಟ್ಟೆಯಲ್ಲಿ ಒತ್ತುವ ಬೆರಳು ಸಮಾನತೆಯನ್ನು ಒಪ್ಪಿ, ಮನೆಯ ಹೊಸ್ತಿಲು ಅದನ್ನು ಒಪ್ಪದಿದ್ದರೆ ಸಂವಿಧಾನವು ಕಾಗದದ ಮೇಲೆ ಮಾತ್ರ ಗೆದ್ದಂತಾಗುತ್ತದೆ.

ಈ ಊರಿನ ನೆಲಕ್ಕೆ ಹಳೆಯ ನೆನಪೊಂದಿದೆ. 1748ರಲ್ಲಿ ಚಿತ್ರದುರ್ಗದ ಹಿರಿಯ ಮದಕರಿನಾಯಕರು ಬಿದನೂರಿನವರೊಡನೆಯೂ ಅವರ ಮಿತ್ರರೊಡನೆಯೂ ಕಾದಿ ಇಲ್ಲಿಯೇ ಮಡಿದರು. ಎರಡು ಕಡೆಯೂ ಕನ್ನಡಿಗರೇ. ಆ ಯುದ್ಧವು ಬೇಕೋ ಬೇಡವೋ ಎಂದು ಹೊಲದಲ್ಲಿ ಉಳುತ್ತಿದ್ದ ಒಕ್ಕಲಿಗನನ್ನು ಯಾರೂ ಕೇಳಲಿಲ್ಲ. ಬೆಳೆ ತುಳಿದುಹೋದದ್ದಕ್ಕೆ ಅವನು ಹೊಣೆಗಾರನಲ್ಲ. ನಮ್ಮ ಸ್ಥಿತಿ ಹಾಗಿಲ್ಲ. ಐದು ವರ್ಷಕ್ಕೊಮ್ಮೆ ನಮ್ಮನ್ನು ಕೇಳುತ್ತಾರೆ. ಹಣ ಹಂಚುವವರನ್ನು ನಾವು ಬೈಯುತ್ತೇವೆ. ಹಂಚಬೇಕಾದರೆ ಈಸಿಕೊಳ್ಳುವ ಕೈಯೂ ಬೇಕಷ್ಟೆ. ಆ ಒಕ್ಕಲಿಗನಿಗೆ ಇದ್ದ ನೆಪ ನಮಗಿಲ್ಲ.

ಮಂಜಪ್ಪನವರ ಜೀವನವನ್ನು ಓದಿ ಎಲ್ಲರೂ ನೌಕರಿ ಬಿಡಬೇಕಾಗಿಲ್ಲ, ಬ್ರಹ್ಮಚರ್ಯದ ವ್ರತ ಹಿಡಿಯಬೇಕಾಗಿಲ್ಲ. ಅವರು ಸಾಧಿಸಿದ್ದರಲ್ಲಿ ನೂರರಲ್ಲೊಂದು ಭಾಗ ನಮ್ಮ ಕೈಲಾದರೂ ಸಾಕು. ದೇಶದ ಯಾವ ದೋಷವನ್ನು ಕುರಿತು ನಮಗೆ ಹೆಚ್ಚು ಸಿಟ್ಟು ಬರುತ್ತದೋ ಆ ದೋಷವನ್ನು ಮೊದಲು ನಮ್ಮ ಮನೆಯಲ್ಲಿ ಹುಡುಕೋಣ. ಲಂಚದ ಮೇಲೆ ಸಿಟ್ಟುಳ್ಳವನು ಲಂಚ ಕೊಡದೆ ಒಂದು ಕಾಗದವನ್ನು ಮಾಡಿಸಿಕೊಳ್ಳಲಿ. ಆರು ಸಲ ಅಲೆಯಬೇಕಾದರೂ ಅಲೆಯಲಿ. ಆಡಂಬರದ ಮೇಲೆ ಸಿಟ್ಟುಳ್ಳವನು ತನ್ನ ಮಗಳ ಮದುವೆಯನ್ನು ಸಾಲವಿಲ್ಲದೆ, ವರದಕ್ಷಿಣೆಯಿಲ್ಲದೆ ಮಾಡಲಿ. ಜಾತಿಯ ಮೇಲೆ ಸಿಟ್ಟುಳ್ಳವನು ತನ್ನ ಪಂಕ್ತಿಯಲ್ಲಿ ಯಾರು ಕುಳಿತಿದ್ದಾರೆಂದು ನೋಡಿಕೊಳ್ಳಲಿ. ಬರುವ ವೈಶಾಖದ ತದಿಗೆಯಂದು ಮೆರವಣಿಗೆ ಮುಗಿದ ಮೇಲೆ, ವರ್ಷದಲ್ಲಿ ಇಂಥದೊಂದು ಕೆಲಸವನ್ನು ಮಾಡಿದೆವೋ ಇಲ್ಲವೋ ಎಂದು ಪ್ರತಿಯೊಬ್ಬನೂ ತನ್ನ ಲೆಕ್ಕವನ್ನು ತಾನೇ ನೋಡಿಕೊಂಡರೆ, ದಾವಣಗೆರೆಯ ವಿರಕ್ತಮಠದಲ್ಲಿ 1913ರಲ್ಲಿ ಮೊದಲಾದ ಆ ಹಬ್ಬವು ಅರ್ಥವುಳ್ಳದ್ದಾಗುತ್ತದೆ.