ಜೀನೋ ಬಾರ್ತಾಲಿ: ಬಾಯಿಬಿಟ್ಟು ಹೇಳದ ಪಯಣ

ಸೈಕಲ್ ಪಂದ್ಯಗಳ ಚರಿತ್ರೆಯಲ್ಲಿ ಇಟಲಿಯ ಜೀನೋ ಬಾರ್ತಾಲಿಯವರ ಹೆಸರು ಅಚ್ಚಳಿಯದೆ ನಿಂತಿದೆ. ಆದರೆ ಅವರು ತುಳಿದ ಅತಿ ಕಠಿಣವಾದ ದಾರಿಯಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಆ ದಾರಿಯ ಕಥೆಯನ್ನೇ ಮುಖ್ಯವಾಗಿ ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಫ್ಲಾರೆನ್ಸ್ ನಗರದ ಸಮೀಪದ ಪೋಂತೆ ಆ ಎಮಾ ಎಂಬ ಊರಿನಲ್ಲಿ, ಕೂಲಿಕಾರ್ಮಿಕರೊಬ್ಬರ ಮನೆಯಲ್ಲಿ, 1914ರ ಜುಲೈ 18ರಂದು ಅವರು ಜನಿಸಿದರು. ಬಾಲ್ಯದಲ್ಲೇ ಸೈಕಲ್ ಅಂಗಡಿಯೊಂದರಲ್ಲಿ ದುಡಿಮೆಗೆ ನಿಂತರು. 1935ರಲ್ಲಿ ವೃತ್ತಿಪರ ಸವಾರರಾಗಿ, ಮರುವರ್ಷವೇ ಇಟಲಿಯನ್ನು ಸುತ್ತುವ ಮಹಾಪಂದ್ಯವಾದ ಜೀರೋ ದಿತಾಲಿಯಾವನ್ನು ಗೆದ್ದರು. ಆ ಹರ್ಷ ಉಳಿಯಲಿಲ್ಲ. ಅದೇ ವರ್ಷ ತಮ್ಮ ಜೂಲಿಯೋ ಪಂದ್ಯವೊಂದರಲ್ಲಿ ಅಪಘಾತಕ್ಕೀಡಾಗಿ ಮೃತನಾದ. ಸೈಕಲನ್ನೇ ತೊರೆಯಬೇಕೆಂಬಷ್ಟು ಅವರ ಮನಸ್ಸು ಕುಸಿಯಿತು. ಆ ದುಃಖದ ದಿನಗಳಲ್ಲಿ ಅವರ ಭಕ್ತಿ ಇನ್ನಷ್ಟು ಆಳವಾಯಿತು. ಕಾರ್ಮೆಲ್ ಸಭೆಯ ಮೂರನೆಯ ವರ್ಗಕ್ಕೆ ಸೇರಿ, ಲಿಸ್ಯೂವಿನ ಸಂತ ತೆರೇಸಮ್ಮನವರನ್ನು ತಮ್ಮ ಪಾಲಕಿಯಾಗಿ ನಂಬಿದರು. ಪತ್ರಿಕೆಗಳು ಅವರನ್ನು ‘ಭಕ್ತ ಜೀನೋ’ ಎಂದು ಕರೆದವು. ಅದರಲ್ಲಿ ಗೌರವದಷ್ಟೇ ಕುಚೋದ್ಯವೂ ಇತ್ತೆಂದು ನಮಗೆ ತೋರುತ್ತದೆ.

1937ರಲ್ಲಿ ಮತ್ತೆ ಜೀರೋ, 1938ರಲ್ಲಿ ಟೂರ್ ದ ಫ್ರಾನ್ಸ್. ಮುಸೊಲಿನಿಯ ಆಳ್ವಿಕೆ ಆ ಗೆಲುವನ್ನು ತನ್ನದೆಂದು ಸಾರಿಕೊಳ್ಳಲು ಕಾದಿತ್ತು. ಬಾರ್ತಾಲಿಯವರು ಅದನ್ನು ಸರ್ವಾಧಿಕಾರಿಗೆ ಅರ್ಪಿಸಲಿಲ್ಲ. 1940ರಲ್ಲಿ ಆದ್ರಿಯಾನಾ ಬಾನಿ ಅವರೊಡನೆ ನಡೆದ ಅವರ ವಿವಾಹವನ್ನು ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ನೆರವೇರಿಸಿದರು. ಅಷ್ಟರಲ್ಲಿ ಯುದ್ಧ ಇಟಲಿಯನ್ನೂ ಆವರಿಸಿತ್ತು. 1941ರಿಂದ 1945ರವರೆಗೆ ಜೀರೋ ನಡೆಯಲೇ ಇಲ್ಲ. ಸವಾರನೊಬ್ಬನ ಕಾಲುಗಳಿಗೆ ಅತಿ ಹೆಚ್ಚು ಕಸುವಿರುವ ವರ್ಷಗಳವು.

1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ಇಟಲಿಯನ್ನು ಆಕ್ರಮಿಸಿ, ಯೆಹೂದ್ಯರ ಬೇಟೆಗೆ ತೊಡಗಿತು. ಕಾರ್ಡಿನಲ್ಲರು ಯೆಹೂದ್ಯ ನೆರವು ಸಮಿತಿಯೊಡನೆ ಕೈಜೋಡಿಸಿ, ಮಠಗಳಲ್ಲಿ ಅವರಿಗೆ ಆಶ್ರಯ ಒದಗಿಸಿದರು. ಆದರೆ ಹೊಸ ಹೆಸರಿನ ಗುರುತುಪತ್ರವಿಲ್ಲದೆ ಯಾರೂ ಬೀದಿಗಿಳಿಯುವಂತಿರಲಿಲ್ಲ. ಅತ್ತ ಅಸ್ಸಿಸಿಯಲ್ಲಿ ಧರ್ಮಾಧ್ಯಕ್ಷ ನಿಕೊಲಿನಿ ಹಾಗೂ ಫಾದರ್ ರುಫೀನೋ ನಿಕಾಚಿ ಅವರ ಆಸರೆಯಲ್ಲಿ, ಲುಯಿಜಿ ಬ್ರಿಜಿ ಎಂಬ ಮುದ್ರಕ ಅಂಥ ಪತ್ರಗಳನ್ನು ಗುಟ್ಟಾಗಿ ಅಚ್ಚು ಹಾಕುತ್ತಿದ್ದ. ಎರಡು ಊರುಗಳ ನಡುವಣ ಅಂತರ ಒಂದು ದಿಕ್ಕಿಗೇ 150 ಕಿಲೋಮೀಟರಿಗೂ ಹೆಚ್ಚು, ದಾರಿಯುದ್ದಕ್ಕೂ ತಪಾಸಣೆ.

ಕಾರ್ಡಿನಲ್ಲರು ಬಾರ್ತಾಲಿಯವರನ್ನು ಕರೆಸಿದರು. ದೂರದ ಅಭ್ಯಾಸಕ್ಕೆ ಹೊರಟ ಹೆಸರಾಂತ ಸವಾರನನ್ನು ಯಾರು ಸಂಶಯಿಸುತ್ತಾರೆ? ಸೀಟಿನ ಕೆಳಗಿನ ಕೊಳವೆಯೊಳಗೆ ಭಾವಚಿತ್ರಗಳನ್ನು ಸುರುಳಿ ಸುತ್ತಿ ತುರುಕಿ ಅವರು ಹೊರಡುತ್ತಿದ್ದರು. ಮರಳುವಾಗ ಅದೇ ಕೊಳವೆಯಲ್ಲಿ ಗುರುತುಪತ್ರಗಳಿರುತ್ತಿದ್ದವು. ಸೈನಿಕರು ತಡೆದಾಗ, ಬಿಡಿಭಾಗಗಳನ್ನು ವೇಗಕ್ಕೆಂದು ಸೂಕ್ಷ್ಮವಾಗಿ ಹೊಂದಿಸಿದೆ, ಸೈಕಲನ್ನು ಮುಟ್ಟಬೇಡಿರೆಂದು ಬೇಡುತ್ತಿದ್ದರೆಂದು ಅವರ ಮಗ ಆಂದ್ರೆಯಾ ತಿಳಿಸಿದ್ದಾರೆ. ಆ ಮಗ ಆಗಿನ್ನೂ ಎಳೆಯ ಕೂಸು. ಸಿಕ್ಕಿಬಿದ್ದರೆ ಮರಣವೇ ಗತಿ. ಇಷ್ಟು ಸಾಲದೆಂಬಂತೆ ಗೋಲ್ಡನ್‌ಬರ್ಗ್ ಎಂಬ ಯೆಹೂದ್ಯ ಕುಟುಂಬವನ್ನೂ ಅವರು ಫ್ಲಾರೆನ್ಸಿನಲ್ಲಿ ಬಚ್ಚಿಟ್ಟರು. 1944ರಲ್ಲಿ ಫ್ಯಾಸಿಸ್ಟ್ ಅಧಿಕಾರಿ ಕರಿತಾನ ಚಿತ್ರಹಿಂಸೆಯ ಮನೆಗೆ ಅವರನ್ನೊಯ್ದು ವಿಚಾರಣೆಗೆ ಒಳಪಡಿಸಲಾಯಿತು. ದೈವಕೃಪೆಯಿಂದ ಜೀವಸಹಿತ ಹೊರಬಂದರು.

ಯುದ್ಧಾನಂತರ, 1946ರಲ್ಲಿ, ಮೂರನೆಯ ಬಾರಿಗೆ ಜೀರೋ ಅವರದಾಯಿತು. ಐದು ವರ್ಷ ಕಿರಿಯರಾದ ಫಾಉಸ್ತೋ ಕೊಪ್ಪಿಯವರೊಡನೆ ಅವರಿಗಿದ್ದ ಪೈಪೋಟಿ ಇಡೀ ದೇಶವನ್ನೇ ಎರಡು ಪಾಳೆಯ ಮಾಡಿತು. 1948ರ ಟೂರ್‌ಗೆ ಹೋದಾಗ ಅವರನ್ನು ಮುದುಕನೆಂದೇ ಎಣಿಸಲಾಗಿತ್ತು. ಜುಲೈ 14ರ ವಿರಾಮದ ದಿನ ಫ್ರಾನ್ಸಿನ ಲೂಯಿಸೋಂ ಬೊಬೆ ಅವರಿಗಿಂತ 21 ನಿಮಿಷಗಳಷ್ಟು ಹಿಂದಿದ್ದರು. ಅದೇ ದಿನ ರೋಮಿನಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿಯವರ ಮೇಲೆ ಗುಂಡು ಹಾರಿ, ದೇಶ ದಂಗೆಯ ಅಂಚಿಗೆ ಬಂತು. ಪ್ರಧಾನಿ ದೆ ಗಾಸ್ಪೆರಿಯವರು ದೂರವಾಣಿಯಲ್ಲಿ ಗೆಲುವನ್ನು ಬೇಡಿದರೆಂದು ಬಾರ್ತಾಲಿಯವರು ಮುಂದೆ ಹೇಳುತ್ತಿದ್ದರು. ಮರುದಿನ ಆಲ್ಪ್ಸ್ ಪರ್ವತಗಳ ಕೊರೆವ ಚಳಿಯಲ್ಲಿ ಅವರು ಎಲ್ಲರನ್ನೂ ಹಿಂದೆ ಹಾಕಿದರು. ಅದರ ಮಾರನೆಯ ದಿನ ನಾಯಕನ ಹಳದಿ ಅಂಗಿ ಅವರ ಮೈಮೇಲಿತ್ತು. ಅಂತಿಮ ಗೆಲುವಿನ ಅಂತರ 26 ನಿಮಿಷಗಳಿಗೂ ಹೆಚ್ಚು. ಒಂದು ಸೈಕಲ್ ಗೆಲುವು ಅಂತರ್ಯುದ್ಧವನ್ನು ತಡೆಯಿತೆಂಬುದು ಅಭಿಮಾನಿಗಳ ಅತಿಶಯೋಕ್ತಿ ಎಂದೇ ನಾವು ಭಾವಿಸುತ್ತೇವೆ. ಆದರೆ ಎರಡು ಟೂರ್ ವಿಜಯಗಳ ನಡುವೆ ಹತ್ತು ವರ್ಷಗಳ ಅಂತರವನ್ನು ಅವರ ಹೊರತು ಯಾರೂ ಕಂಡಿಲ್ಲ.

1954ರಲ್ಲಿ ಅವರು ಪಂದ್ಯಗಳಿಂದ ನಿವೃತ್ತರಾದರು. ಗೆದ್ದ ಪಂದ್ಯಗಳ ಬಗ್ಗೆ, ಸೋತವುಗಳ ಬಗ್ಗೆ, ಕೊಪ್ಪಿಯವರ ಬಗ್ಗೆ ಎಡೆಬಿಡದೆ ಮಾತನಾಡುವ, ಗೊಣಗುವ ಸ್ವಭಾವ ಅವರದು. ಅಸ್ಸಿಸಿಯ ದಾರಿಯ ಬಗ್ಗೆ ಮಾತ್ರ ಮೌನ. ಮಗನಿಗೆ ಅಷ್ಟಿಷ್ಟು ತಿಳಿಸಿದರೂ ಹೊರಗೆ ಆಡಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಈ ಮೌನದಿಂದಾಗಿ ದಾಖಲೆಗಳು ವಿರಳ. ಇತ್ತೀಚೆಗೆ ಇಟಲಿಯ ಕೆಲವು ಇತಿಹಾಸಕಾರರು ಗುರುತುಪತ್ರಗಳ ಕಥೆಯನ್ನು ಪ್ರಶ್ನಿಸಿರುವುದೂ ಉಂಟು. ಉಳಿದ ಜೀವಗಳೆಷ್ಟೆಂದು ಪತ್ರಿಕೆಗಳು ಕೊಡುವ ದೊಡ್ಡ ಸಂಖ್ಯೆಗಳನ್ನು ನಾವಿಲ್ಲಿ ಎತ್ತಿಕೊಂಡಿಲ್ಲ. ಆದರೆ ಅವರ ಆಶ್ರಯದಲ್ಲಿ ಬದುಕುಳಿದ ಗೋಲ್ಡನ್‌ಬರ್ಗ್ ಕುಟುಂಬದ ಮಗ ಇಳಿವಯಸ್ಸಿನಲ್ಲಿ ತಾನೇ ಮುಂದೆ ಬಂದು ಸಾಕ್ಷಿ ನುಡಿದರು.

2000ದ ಮೇ 5ರಂದು ಬಾರ್ತಾಲಿಯವರು ಫ್ಲಾರೆನ್ಸಿನಲ್ಲಿ ನಿಧನರಾದರು. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ, ಯೆಹೂದ್ಯರನ್ನು ಕಾಪಾಡಿದ ಅನ್ಯಧರ್ಮೀಯ ನೀತಿವಂತರ ಸಾಲಿಗೆ 2012ರಲ್ಲಿ ಕಾರ್ಡಿನಲ್ ದಲ್ಲಾ ಕೋಸ್ತಾರನ್ನು ಸೇರಿಸಿತು. ಮರುವರ್ಷ ಅವರ ದೂತನ ಹೆಸರೂ ಅಲ್ಲಿ ಸೇರಿತು.